ಎತ್ತರದ ಪ್ರಕಾರ ನಿಂತ ಮದುವೆ

ಮಂಗಳವಾರ, ಬೆಳಿಗ್ಗೆ ಆರೂವರೆ. ಸ್ಥಳ, ಜಾಲಹಳ್ಳಿಯ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು, ನಾನು ಮತ್ತು ನಮ್ಮ ಮನೆಯವರು. ಗೈರುಹಾಜರಾದವರು ಇಬ್ಬರು. ನನ್ನ ತಂಗಿ ವಸಂತ ಮುಂಬೈಯಲ್ಲಿ, ವೀಸಾ ಸಂದರ್ಶನಕ್ಕೆ ಹೊರಡುವ ತಯಾರಿಯಲ್ಲಿದ್ದಳು. ಅವಳ ಗಂಡ ಪ್ರಭಾಕರ್ ಅಮೆರಿಕದಲ್ಲಿ, ಇನ್ನೂ ಸೋಮವಾರದ ಸಂಜೆಯಲ್ಲೇ ಸಿಕ್ಕಿಕೊಂಡಿದ್ದರು.

ಹೀಗೆ ಹಾಜರಿ ತೆಗೆಯದೆ ನನಗೆ ದಿನ ಶುರುವಾಗುವುದಿಲ್ಲ. ಮೂವತ್ತಮೂರು ವರ್ಷ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಕೂತವಳು ನಾನು. ನಿವೃತ್ತಿಯಾದ ಮೇಲೂ ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುತ್ತೇನೆ. ತರಕಾರಿ ಗಾಡಿಯವನು ನನ್ನನ್ನು ಕಂಡರೆ ಬೆಂಡೆಕಾಯಿಯ ಮೇಲೆ ಗೋಣಿ ಎಳೆಯುತ್ತಾನೆ. ದಿನದ ಕೆಲಸಗಳನ್ನು ಬೆಳಿಗ್ಗೆಯೇ ಪಟ್ಟಿ ಮಾಡಿ, ಮುಗಿದಂತೆ ಗುರುತು ಹಾಕುತ್ತಾ ಹೋಗುವುದು ನನ್ನ ರೂಢಿ. ಅಂದಿನ ಪಟ್ಟಿಯ ಕೊನೆಯ ಸಾಲು ಇದು: ಅಡುಗೆಮನೆಯ ಮೇಲಿನ ಶೆಲ್ಫನ್ನು ಒಂದಡಿ ಕೆಳಗಿಳಿಸಲು ಬಡಗಿಗೆ ಹೇಳುವುದು. ಆ ಶೆಲ್ಫು ನನಗೆ ಎಟುಕುವುದಿಲ್ಲ. ಬೇಳೆ ಡಬ್ಬಿ ಬೇಕಾದಾಗಲೆಲ್ಲ "ರೀ, ಸ್ವಲ್ಪ ಬನ್ರೀ" ಎಂದು ಕೂಗಬೇಕು. ಅವರು ಪೇಪರು ಮಡಚಿ, ಕನ್ನಡಕ ತೆಗೆದು, ಚಪ್ಪಲಿ ಹುಡುಕಿ ಬರುವಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

ಇರಲಿ, ವಸಂತಳ ವಿಷಯಕ್ಕೆ ಬರುತ್ತೇನೆ. ಅವಳು ಹೂಡಿಯ ಶಾಲೆಯೊಂದರಲ್ಲಿ ಗಣಿತದ ಮೇಡಂ. ಮದುವೆ ಬೇಡವೆಂದು ಹಟ ಹಿಡಿದವಳಲ್ಲ, ಬೇಕೆಂದು ಹಾತೊರೆದವಳೂ ಅಲ್ಲ. ಐವತ್ತನೆಯ ವಯಸ್ಸಿನಲ್ಲಿ, ನಮಗೆಲ್ಲ ಅಚ್ಚರಿಯಾಗುವಂತೆ, ಪ್ರಭಾಕರ್ ಅವರನ್ನು ಒಪ್ಪಿಕೊಂಡಳು. ಅವರು ಹೆಂಡತಿಯನ್ನು ಕಳೆದುಕೊಂಡವರು, ಅಲ್ಲಿ ಲಿಫ್ಟು ರಿಪೇರಿ ಮಾಡುವವರು, ಆರಡಿ ಎತ್ತರದ ಮೆತ್ತಗಿನ ಮನುಷ್ಯ. ಮದುವೆಯಾಗಿ ಮೂರು ವಾರ ಇದ್ದು ಹೋದರು. ಆಮೇಲೆ ಒಂದು ವರ್ಷಕ್ಕೂ ಮೀರಿ ಬರೀ ಅರ್ಜಿ, ಬರೀ ಕಾಯುವಿಕೆ. ಈ ಸಂದರ್ಶನದಲ್ಲಿ ಇವರದು ನಿಜವಾದ ಮದುವೆಯೆಂದು ಅಧಿಕಾರಿಗೆ ಅನ್ನಿಸಬೇಕು. ಅನ್ನಿಸದಿದ್ದರೆ ಮತ್ತೆಷ್ಟು ತಿಂಗಳೋ. ಐವತ್ತರಲ್ಲಿ ಮದುವೆಯಾದವರಿಗೆ ತಿಂಗಳುಗಳನ್ನು ಹಾಗೆಲ್ಲ ಬಿಟ್ಟುಕೊಡಲಾಗುವುದಿಲ್ಲ.

ಮದುವೆ ನಿಜವೆಂದು ತೋರಿಸುವುದು ಹೇಗೆ? ನಮ್ಮ ಹಿಂದಿನವರು ಮದುವೆಯನ್ನು ಎಂಟು ಬಗೆಯಾಗಿ ವಿಂಗಡಿಸಿದ್ದರು. ಹೊತ್ತುಕೊಂಡು ಹೋಗುವುದನ್ನೂ ಬಿಡದೆ ಪಟ್ಟಿಗೆ ಸೇರಿಸಿದರು. ಇನ್‌ಸ್ಪೆಕ್ಷನ್ನಿನವಳಾಗಿ ಆ ಶ್ರದ್ಧೆಯನ್ನು ಮೆಚ್ಚುತ್ತೇನೆ. ಆದರೆ ಎಂಟರಲ್ಲಿ ಒಂದಕ್ಕೂ ಅವರು ಫೋಟೋ ಕೇಳಲಿಲ್ಲ. ಅಗ್ನಿಸಾಕ್ಷಿ ಸಾಕೆಂದರು. ಮುಂಬೈಗೆ ಅಗ್ನಿಯನ್ನು ಒಯ್ಯುವುದೆಂತು? ವಿಮಾನದಲ್ಲಿ ಬೆಂಕಿಪೊಟ್ಟಣ ತುಂಬಿದ ಚೀಲಕ್ಕೇ ತಕರಾರು. ಹಾಗಾಗಿ ಸಾಕ್ಷಿಗಳ ಫೈಲು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಬಣ್ಣದ ಚೀಟಿ ಅಂಟಿಸಿ, ಪುಟಗಳಿಗೆ ಸಂಖ್ಯೆ ಹಾಕಿ ಜೋಡಿಸಿದೆ. ಫೋಟೋಗಳ ವಿಭಾಗಕ್ಕೆ ಬಂದಾಗ ನನ್ನ ಕೈ ನಿಂತಿತು.

ತಪ್ಪು ನನ್ನದೇ. ನಮ್ಮ ವಿಭಾಗದಲ್ಲಿ ವರ್ಷಕ್ಕೊಮ್ಮೆ ಗ್ರೂಪ್ ಫೋಟೋ ತೆಗೆಯುತ್ತಿದ್ದರು. ಎತ್ತರದವರು ಹಿಂದೆ, ಕುಳ್ಳರು ಮುಂದೆ. ನಿಲ್ಲಿಸುವ ಹೊಣೆ ಪ್ರತಿ ಸಲವೂ ನನ್ನದು. ವಸಂತಳ ಮದುವೆಯಲ್ಲೂ ಅಭ್ಯಾಸಬಲದಿಂದ ಎಲ್ಲರನ್ನೂ ಹಾಗೇ ನಿಲ್ಲಿಸಿದ್ದೆ. ಹನ್ನೊಂದು ಫೋಟೋಗಳಲ್ಲೂ ಆರಡಿಯ ಮದುಮಗ ಹಿಂದಿನ ಸಾಲಿನ ಎಡತುದಿಗೆ, ಐದಡಿ ಮುಟ್ಟದ ಮದುಮಗಳು ಮುಂದಿನ ಸಾಲಿನ ಬಲತುದಿಗೆ. ನಡುವೆ ನಮ್ಮ ಬೀದಿಯ ಅರ್ಧ ಜನ. ಹಾರ ಬದಲಾಯಿಸುವ ಫೋಟೋ ಒಂದಿತ್ತು. ಅದರಲ್ಲಿ ಹಾರ ಸೊಟ್ಟಗಾಯಿತೆಂದು ಸರಿಮಾಡಲು ನಡುವೆ ನುಗ್ಗಿದ ನನ್ನ ಬೆನ್ನು ಮಾತ್ರ ಸ್ಪಷ್ಟವಾಗಿದೆ.

ಫೋಟೋ ನೋಡಿ ನಮ್ಮವರು ಹೇಳಿದರು: "ಪ್ರಭಾಕರ್ ಮದ್ವೆ ಆಗಿರೋದು ನಿನ್ನ ಸೀರೇನಾ ಅಂತ ಕೇಳ್ತಾರೆ ನೋಡು."

"ನೀವು ಸುಮ್ನಿರ್ತೀರಾ?" ಎಂದೆ.

ಫೋಟೋದ ಕೊರತೆಯನ್ನು ಉತ್ತರದಲ್ಲಿ ತುಂಬಬೇಕೆಂದು ಮೂವತ್ತು ಪ್ರಶ್ನೆ, ಅವಕ್ಕೆ ಉತ್ತರವನ್ನೂ ನಾನೇ ಬರೆದು ವಸಂತಳಿಗೆ ತಾಲೀಮು ಕೊಟ್ಟೆ. ನಾನು ಅಧಿಕಾರಿ, ಊಟದ ಮೇಜೇ ವೀಸಾ ಕಚೇರಿಯ ಕಿಟಕಿ.

"ನಿಮ್ಮ ಪತಿಯ ಎತ್ತರವೆಷ್ಟು?"

"ಆರಡಿ," ಎಂದಳು, ಮಗ್ಗಿ ಒಪ್ಪಿಸುವ ಹಾಗೆ.

"ಅವರಿಗೆ ಇಷ್ಟವಾದ ತಿಂಡಿ?"

"ಅಕ್ಕಿರೊಟ್ಟಿ. ಅಕ್ಕ, ಇದು ನಿನಗೆ ಇಷ್ಟ ಕಣೆ. ಅವರಿಗೆ ಏನಿಷ್ಟ ಅಂತ ನನ್ನನ್ನ ಒಂದ್ಸಲನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಆದರೂ ಅಧಿಕಾರಿ ಸೋಲಬಾರದೆಂದು ಮುಂದಿನ ಪ್ರಶ್ನೆಗೆ ಹೋದೆ.

ಹೊರಡುವ ಹಿಂದಿನ ದಿನ ಫೈಲಿನ ಕೊನೆಯ ತಪಾಸಣೆ ಮಾಡುವಾಗ ಒಂದು ಕೊಳಕು ಕಾಗದ ಸಿಕ್ಕಿತು. ಮದುವೆಯೂಟಕ್ಕೆ ಅಡುಗೆಯವರು ಬರೆದುಕೊಟ್ಟ ಪಟ್ಟಿ. ಅದರ ಬೆನ್ನಿಗೆ ಪ್ರಭಾಕರ್ ತಮ್ಮ ಅಲ್ಲಿನ ಅಡುಗೆಮನೆಯ ನಕ್ಷೆ ಬರೆದಿದ್ದರು. ಅದರ ಮೇಲೆ ವಸಂತ ಕೆಂಪು ಶಾಯಿಯಲ್ಲಿ, ಮಕ್ಕಳ ಪುಸ್ತಕ ತಿದ್ದುವಂತೆ, ಗೀಟು ಎಳೆದಿದ್ದಳು. 'ಈ ಶೆಲ್ಫ್ ನನಗೆ ಎಟುಕಲ್ಲ.' ಕೆಳಗೆ ಅವರು ಒಂದು ಸ್ಟೂಲಿನ ಚಿತ್ರ ಬರೆದು ಹದಿನೆಂಟು ಇಂಚು ಎಂದಿದ್ದರು. ಅವಳು ಅದನ್ನು ಹೊಡೆದು 'ಹನ್ನೆರಡು ಸಾಕು, ಬಿದ್ದರೆ ಯಾರು ಎತ್ತುತ್ತಾರೆ?' ಎಂದಿದ್ದಳು. ಅವರು 'ನಾನು' ಎಂದು ಬರೆದಿದ್ದರು. ಮೂಲೆಯಲ್ಲಿ ಸಾರಿನ ಕಲೆ.

"ಇದೇನೇ ಇದು? ಕಲೆ ಆಗಿರೋ ಕಾಗದ ಫೈಲಲ್ಲಿ ಇರಬಾರದು," ಎಂದು ತೆಗೆದು ಪಕ್ಕಕ್ಕಿಟ್ಟೆ. ವಸಂತ ವಾದಿಸದೆ ತಲೆಯಾಡಿಸಿ ಬಟ್ಟೆ ಮಡಚತೊಡಗಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಂತೂ ಮಂಗಳವಾರ ಬೆಳಿಗ್ಗೆ ಅವಳು ಫೋನು ಹೊರಗಿಟ್ಟು ವೀಸಾ ಕಚೇರಿಯೊಳಗೆ ಹೋದಳು. ನಾನು ಒಂದೇ ಗಿಡಕ್ಕೆ ಮೂರು ಸಲ ನೀರು ಹಾಕಿದೆ. ನಮ್ಮವರು ಪೇಪರಿನ ಒಂದೇ ಪುಟ ಹಿಡಿದು ಕೂತಿದ್ದರು. ಹನ್ನೊಂದೂಮುಕ್ಕಾಲಿಗೆ ಫೋನು ಬಂತು.

"ಅಕ್ಕ, ಪಾಸ್‌ಪೋರ್ಟ್ ಇಟ್ಕೊಂಡ್ರು."

ನಾನು ಕುರ್ಚಿಯಿಂದ ಎದ್ದೆ. "ಕಿತ್ಕೊಂಡ್ರಾ?"

"ಅಯ್ಯೋ, ಇಟ್ಕೊಂಡ್ರೆ ವೀಸಾ ಕೊಡ್ತಾರೆ ಅಂತ ಕಣೆ! ಆಯ್ತು, ಎಲ್ಲ ಆಯ್ತು!" ಎಂದು ನಕ್ಕಳೋ ಅತ್ತಳೋ, ಗದ್ದಲದಲ್ಲಿ ತಿಳಿಯಲಿಲ್ಲ.

ಆಮೇಲೆ ನಡೆದದ್ದನ್ನು ಹೇಳಿದಳು. ಅಧಿಕಾರಿ ಒಬ್ಬ ಹೆಂಗಸು. ಫೋಟೋಗಳನ್ನು ತಿರುವಿ, ನೀವಿಬ್ಬರೂ ಯಾಕೆ ಎಲ್ಲೂ ಜೊತೆಗಿಲ್ಲ ಎಂದು ಕೇಳಿದರಂತೆ. ವಸಂತಳಿಗೆ ಮೂವತ್ತು ಉತ್ತರಗಳೂ ಮರೆತುಹೋಗಿ, "ನಮ್ಮಕ್ಕ ಎಲ್ಲರನ್ನೂ ಎತ್ತರದ ಪ್ರಕಾರ ನಿಲ್ಲಿಸ್ತಾಳೆ, ಕಾರ್ಖಾನೆ ಅಭ್ಯಾಸ" ಎಂದಳಂತೆ. ನಿಮ್ಮ ಗಂಡ ಎಷ್ಟು ಎತ್ತರ ಎಂದರೆ, "ನನ್ನ ತಲೆ ಅವರ ಶರ್ಟಿನ ಎರಡನೇ ಗುಂಡಿಗೆ ಬರುತ್ತೆ, ಅದಕ್ಕೇ ಈ ಜಗಳ" ಎಂದು ಸಾರಿನ ಕಲೆಯ ಕಾಗದವನ್ನು ಕಿಟಕಿಯೊಳಗೆ ತಳ್ಳಿದಳಂತೆ. ಹೌದು, ಅದನ್ನು ಮತ್ತೆ ಫೈಲಿಗೆ ಸೇರಿಸಿದ್ದಳು, ಸಂಖ್ಯೆಯಿಲ್ಲದೆ, ಚೀಟಿಯಿಲ್ಲದೆ. ಅಧಿಕಾರಿ ಒಂದೊಂದೇ ಸಾಲಿಗೆ ಅರ್ಥ ಕೇಳಿದರಂತೆ. ಕೊನೆಯ 'ನಾನು' ಬಂದಾಗ ನಕ್ಕು, "ಕೊನೆಗೆ ಎಷ್ಟು ಇಂಚಿಗೆ ಮಾಡಿದರು?" ಎಂದರಂತೆ. "ಹದಿನೈದು," ಎಂದಳಂತೆ ವಸಂತ.

ಮೂವತ್ತಮೂರು ವರ್ಷದಲ್ಲಿ ನಾನು ತಿರಸ್ಕರಿಸಿದ ಮಾಲು ಹೊರಗೆ ಹೋಗಿ ಪಾಸಾಗಿ ಬಂದದ್ದು ಇದೇ ಮೊದಲು.

ಪಟ್ಟಿಗೆ ಮರಳಿದೆ. ಬ್ಯಾಂಕು, ಔಷಧಿ, ಹಿಟ್ಟಿನ ಗಿರಣಿ, ಎಲ್ಲ ಮುಗಿಯುವ ಹೊತ್ತಿಗೆ ಸಂಜೆ ಐದೂವರೆ. ಬಡಗಿಗೆ ಹೇಳುವುದೊಂದು ಬಾಕಿ. ಫೋನು ಕೈಗೆತ್ತಿಕೊಂಡವಳಿಗೆ ಏನೋ ಹೊಳೆದು ನಮ್ಮವರನ್ನು ಕೇಳಿದೆ: "ಇಷ್ಟು ವರ್ಷದಲ್ಲಿ ನನಗೊಂದು ಸ್ಟೂಲು ಮಾಡಿಸಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ?"

ಅವರು ಪೇಪರಿನಿಂದ ತಲೆಯೆತ್ತಲಿಲ್ಲ. "ಅನ್ನಿಸ್ತು. ಮಾಡಿಸಿದ್ರೆ ನೀನು ನನ್ನನ್ನ ಯಾಕೆ ಕರೀತಿದ್ದೆ?"

ನಾನು ಫೋನು ಕೆಳಗಿಟ್ಟೆ. ಅಡುಗೆಮನೆಗೆ ಹೋಗಿ "ರೀ, ಸ್ವಲ್ಪ ಬನ್ರೀ" ಎಂದೆ. ಪೇಪರು ಮಡಚಿ, ಕನ್ನಡಕ ತೆಗೆದು, ಚಪ್ಪಲಿ ಹುಡುಕಿ ಬಂದರು. ಡಬ್ಬಿ ಇಳಿಸಿಕೊಟ್ಟರು. ಒರೆಸಿ, ಹೊಸ ಬೇಳೆ ತುಂಬಿ, ಮುಚ್ಚಳ ಬಿಗಿಮಾಡಿ ಅವರ ಕೈಗೇ ಕೊಟ್ಟೆ. ಮತ್ತೆ ಅಲ್ಲೇ, ಮೇಲೆಯೇ ಇಟ್ಟರು. ಆರು ಗಂಟೆಗೆ ಪಟ್ಟಿಯಲ್ಲಿ ಬಡಗಿಯ ಸಾಲನ್ನು ಹೊಡೆದುಹಾಕಿದೆ.