ಶನಿವಾರದ ಹುಲಿ

ನಮ್ಮ ರೇಸ್ ಕಾರಿನ ಚಾಲಕನಿಗೆ ಗ್ಯಾರೇಜಿನವರು ಇಟ್ಟ ಹೆಸರು ಶನಿವಾರದ ಹುಲಿ. ಶನಿವಾರ ಒಂಟಿಯಾಗಿ ಓಡಿಸುವ ಸುತ್ತಿನಲ್ಲಿ ಎಲ್ಲರಿಗಿಂತ ವೇಗ ಇವನದೇ, ಭಾನುವಾರದ ರೇಸಿಗೆ ಎಲ್ಲರಿಗಿಂತ ಮುಂದೆ ನಿಲ್ಲುವವನೂ ಇವನೇ. ರೇಸು ಶುರುವಾಯಿತೋ, ಹುಲಿಯ ಕಣ್ಣು ರಸ್ತೆ ಬಿಟ್ಟು ಪಕ್ಕದ ಕನ್ನಡಿಗೆ ಅಂಟಿಕೊಳ್ಳುತ್ತದೆ. ಒಬ್ಬೊಬ್ಬರೇ ದಾಟಿ ಹೋಗುತ್ತಾರೆ. ಎಂಜಿನ್ ಬಿಚ್ಚಿ ಕಟ್ಟಿದ ನನ್ನ ಹೊಟ್ಟೆ ಉರಿಯುವುದಿಲ್ಲವೇ? "ಕನ್ನಡೀಲಿ ಹೆಣ್ಣು ನೋಡ್ತಿದೀಯೇನೋ?" ಎಂದು ರೇಡಿಯೊದಲ್ಲಿ ಕಿರುಚುತ್ತೇನೆ. "ನನ್ ತಮ್ಮ ಹಿಂದೆ ಬರ್ತಿದಾನಣ್ಣ, ಆ ಕೆಟ್ಟ ತಿರುವು ದಾಟಿದ್ನಾ ಅಂತ ನೋಡ್ತಿದೀನಿ," ಎನ್ನುತ್ತಾನೆ. ನಮ್ಮ ತಂಡದ ಎರಡನೇ ಕಾರು ಆ ತಮ್ಮನದು. ನಾಳೆಯೂ ಸೋತರೆ ಇವನನ್ನು ಇಳಿಸಿ, ಈ ವೇಗದ ಕಾರನ್ನು ತಮ್ಮನಿಗೇ ಕೊಡುವುದಾಗಿ ಮಾಲೀಕರು ಇವತ್ತು ಹೇಳಿಬಿಟ್ಟರು. ಹುಲಿ ಬಿಳಿಚಿಕೊಂಡು ನನ್ನ ಹತ್ತಿರ ಬಂದ. "ಅಣ್ಣಾ, ಗ್ಯಾರೇಜಲ್ಲಿ ನಿಂತ್ರೆ ಆ ತಿರುವು ಕಾಣ್ಸುತ್ತಾ?"