ನಾಲ್ಕನೇ ಸೀಟಿನವನ ಕಾಲು

ಠಾಣೆಯ ಘೋಡಬಂದರ್ ರಸ್ತೆಯ ಗ್ಯಾಲರಿಯಿಂದ ಫೋನ್ ಬಂದಾಗ ನಾನು ಸುಳ್ಳು ಹೇಳಿದೆ. ನನ್ನ ಚಿತ್ರವಿದ್ದ ಪ್ರದರ್ಶನದ ಹೊಣೆ ಹೊತ್ತಿದ್ದ ಧಾರವಾಡದ ಮಹಿಳೆ, "ಪೇಂಟಿಂಗ್ ಜತಿ ಅದರ ಡ್ರಾಯಿಂಗೂ ಗ್ವಾಡಿಗೆ ಹಚ್ಚೋಣ್ರೀ. ನೀವು ಚಿತ್ರಾನ ಹೆಂಗ ಹುಡುಕಿದ್ರಿ ಅನ್ನೋದು ಮಂದಿಗೆ ಕಾಣ್ಲಿ. ಅದಾವಲ್ಲ?" ಎಂದರು.

"ಇವೆ" ಎಂದುಬಿಟ್ಟೆ.

ಒಂದೂ ಇರಲಿಲ್ಲ. ಕೆಲವು ವರ್ಷಗಳಿಂದ ನಾನು ಮೊಬೈಲಿನ ಫೋಟೋವನ್ನು ಪ್ರೊಜೆಕ್ಟರಿನಿಂದ ಕ್ಯಾನ್ವಾಸಿನ ಮೇಲೆ ಬಿಟ್ಟು, ಗೆರೆ ಎಳೆದುಕೊಂಡು ಬಣ್ಣ ಹಚ್ಚುತ್ತೇನೆ. ಕಾಲೇಜಿನಲ್ಲಿ ದಿನಕ್ಕೆ ಇಪ್ಪತ್ತು ಸ್ಕೆಚ್ ಮಾಡುತ್ತಿದ್ದೆ ಎನ್ನುತ್ತೇನೆ. ಅದು ನಿಜವೋ, ಹೇಳಿ ಹೇಳಿ ನಿಜವಾದದ್ದೋ ತಿಳಿಯದು.

ಪ್ರದರ್ಶನಕ್ಕಿದ್ದ ಚಿತ್ರದಲ್ಲಿರುವುದು ಐರೋಲಿಯಿಂದ ಠಾಣೆಗೆ ಹೋಗುವ ಮುಂಬಯಿ ಲೋಕಲ್ ರೈಲು. ಮೂವರ ಸೀಟಿನಲ್ಲಿ ಸರಿದು ತುದಿಗೆ ನಾಲ್ಕನೆಯವನನ್ನು ಕೂರಿಸಿಕೊಳ್ಳುವುದು ಇಲ್ಲಿಯ ರೂಢಿ. ಮುಗಿದ ಆ ಚಿತ್ರವನ್ನೇ ಎದುರಿಟ್ಟುಕೊಂಡು ಅದಕ್ಕೆ ಮೊದಲಿನವೆಂಬಂತೆ ಎಂಟು ಡ್ರಾಯಿಂಗ್ ಮಾಡಿದೆ. ಬೇಕೆಂದೇ ಗೆರೆ ತಪ್ಪಿಸಿ ಅಳಿಸಿದೆ. ಹಾಳೆಯ ಅಂಚಿಗೆ ಬೆರಳಿನ ಕೊಳೆ ಒರೆಸಿದೆ.

ದಿನವೂ ಆ ಗಾಡಿಯಲ್ಲೇ ಆಫೀಸಿಗೆ ಹೋಗುವ ಹೆಂಡತಿ ನೋಡಿ ನಕ್ಕಳು. "ಎಂಥ ಮಾರಾಯ್ರೆ, ಈ ನಾಲ್ಕನೆಯವ ಸೋಫಾದಲ್ಲಿ ಕೂತಿದ್ದಾನಾ? ಕಾಲು ಹೀಗಿಟ್ರೆ ಠಾಣೆ ಬರುವ ಮೊದಲೇ ಬೀಳ್ತಾನೆ. ಎಂಟರಲ್ಲೂ ಅದೇ ಕಾಲು ಬೇರೆ!"

ಫೋಟೋದಲ್ಲಿ ಆ ಕಾಲು ಯಾರದೋ ಬ್ಯಾಗಿನ ಹಿಂದೆ ಅಡಗಿತ್ತು. ಪೇಂಟಿಂಗಿನಲ್ಲಿ ಅದನ್ನು ನೆನಪಿನಿಂದ ತುಂಬಿಸಿದ್ದೆ. ವರ್ಷಗಟ್ಟಲೆ ಆ ತುದಿಯಲ್ಲೇ ಕೂತು ಓಡಾಡಿದವನು ನಾನು.

ಮರುದಿನ ಸ್ಕೆಚ್ ಪುಸ್ತಕ ಹಿಡಿದು ಗಾಡಿ ಹತ್ತಿದೆ. ಎದುರಿನ ನಾಲ್ಕನೆಯವನ ಒಂದೇ ತೊಡೆ ಸೀಟಿನ ಮೇಲಿತ್ತು. ಭಾರವೆಲ್ಲ ಹೊರಗಿನ ಪಾದದ ಮೇಲೆ. ಗಾಡಿ ಅಲುಗಿದಾಗಲೆಲ್ಲ ಆ ಮೊಣಕಾಲು ಬಿಗಿಯುತ್ತಿತ್ತು. ಐದು ಸಲ ತಪ್ಪಿದೆ. ನಿಂತಿದ್ದ ಒಬ್ಬ ನನ್ನ ಭುಜ ತಟ್ಟಿ, "ಭಾಯ್‌ಸಾಬ್, ಥೋಡಾ ಸರಕೋ. ಡ್ರಾಯಿಂಗ್ ಬಾದ್ ಮೇ" ಎಂದ. ಡ್ರಾಯಿಂಗ್ ಆಮೇಲಾಗಲೆಂದು ಸರಿದು ಕೂತೆ. ಆರನೇ ಸಲ ಕಾಲು ಹಾಳೆಯ ಮೇಲೆ ನಿಂತಿತು.

ಠಾಣೆಯಲ್ಲಿ ಇಳಿದು, ಆ ಹಾಳೆಯ ಫೋಟೋ ಕಳಿಸಿ, ಗ್ಯಾಲರಿಗೆ ಫೋನ್ ಮಾಡಿದೆ. ಇದು ಇವತ್ತಿನದು, ಮೊದಲಿನದು ಯಾವುದೂ ಇಲ್ಲ ಎಂದೆ.

ಆ ಮಹಿಳೆ ಫೋಟೋ ನೋಡಿ, "ಕಾಲು ಭಾಳ ಛಲೋ ಬಂದದ್ರೀ. ಆದ್ರ ಇದನ್ನ ಪಕ್ಕದಾಗ ಹಚ್ಚಿದ್ರ ಪೇಂಟಿಂಗಿನ್ಯಾಗಿನ ಕಾಲು ತಪ್ಪು ಅದ ಅಂತ ಎಲ್ಲಾರಿಗೂ ಗೊತ್ತಾಗ್ತದ. ಹಚ್ಲೋ, ಬ್ಯಾಡೋ?" ಎಂದು ಕೇಳಿದರು.

ಪ್ರದರ್ಶನಕ್ಕೆ ಐದೇ ದಿನವಿತ್ತು. ಈಗ ತಿದ್ದಿದರೆ ಎಣ್ಣೆಬಣ್ಣ ಒಣಗುವುದಿಲ್ಲ. "ಹಚ್ಚಿ" ಎಂದೆ.

ಧೈರ್ಯದಿಂದ ಹೇಳಿದೆನೆಂದು ಇಲ್ಲಿ ಬರೆದುಕೊಳ್ಳಬಹುದಿತ್ತು. ಆದರೆ ಮರುಕ್ಷಣವೇ, ಬೇಡ ಎನ್ನಲು ಮತ್ತೆ ಫೋನ್ ಮಾಡಿದೆ. ಅವರ ಲೈನ್ ಎಂಗೇಜ್ ಇತ್ತು.