ಗಟ್ಟಿ ಗೋಡೆಯ ಮಾಲೀಕರು

ಆ ಬೆಳಿಗ್ಗೆ ಭೂಮಿ ನಡುಗಿದಾಗ ಹೆಂಚು ನೆತ್ತಿಯ ಮೇಲೆ ಬೀಳಬಹುದಿತ್ತು, ಬಾವಿ ಕುಸಿಯಬಹುದಿತ್ತು, ಅಟ್ಟದ ರಾಗಿ ಮೂಟೆ ಉರುಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಿರುಕುಬಿಟ್ಟ ಗೋಡೆ ನನ್ನ ಮತ್ತು ಹೆಂಡತಿಯ ಮೇಲೆ ಮಲಗಬಹುದಿತ್ತು. ಚಿಂತೆ ಮಾಡುವುದಕ್ಕೆ ಸಂಬಳವಿದ್ದಿದ್ದರೆ ನನಗೆ ಬಡ್ತಿ ಸಿಗುತ್ತಿತ್ತು.

ಅರವತ್ತರ ದಶಕದಲ್ಲಿ ಕೊಳ್ಳೇಗಾಲದಲ್ಲಿ ನಮ್ಮದು ಬಾಡಿಗೆ ಮನೆ. ಬಿರುಕು ತೋರಿಸಿದಾಗಲೆಲ್ಲ ಮಾಲೀಕರು ಹಸುವಿನ ಬೆನ್ನು ತಟ್ಟುವಂತೆ ಗೋಡೆ ತಟ್ಟಿ, "ನಮ್ಮಪ್ಪ ಕಟ್ಸಿದ್ದು ಸಾ. ಭೂಮಿ ಅಲ್ಲಾಡುದ್ರೂ ಇದು ಅಲ್ಲಾಡಲ್ಲ" ಎನ್ನುತ್ತಿದ್ದರು. ಉದುರಿದ ಗಾರೆಯನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದರು.

ಅಂದೂ ಹಾಗೆ ತಟ್ಟುತ್ತಿರುವಾಗಲೇ ಪಾತ್ರೆಗಳು ಕಟಕಟ ಎಂದವು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಮಾಲೀಕರು ಬೀದಿಯಲ್ಲಿದ್ದರು. ರೂಢಿಯಂತೆ ಬಾಗಿಲನ್ನೂ ಎಳೆದು ಮುಚ್ಚಿಕೊಂಡು ಹೋಗಿದ್ದರು.

ನಡುಕ ನಿಂತಿತು. ಹೆಂಚು, ಮೂಟೆ, ಗೋಡೆ ಎಲ್ಲ ಇದ್ದಲ್ಲೇ ಇದ್ದವು. ಬಾಗಿಲಿನ ಚೌಕಟ್ಟು ಮಾತ್ರ ಕೊಂಚ ವಾಲಿ, ಬಾಗಿಲನ್ನು ಕಚ್ಚಿ ಹಿಡಿದಿತ್ತು. ನಾವಿಬ್ಬರೂ ಒಳಗಿನಿಂದ ಎಳೆದರೂ ಅದು ಜಗ್ಗಲಿಲ್ಲ.

ಹೆಂಡತಿ ಕಿಟಕಿಯಿಂದ, "ಆಚೆಯಿಂದ ಒಸಿ ತಳ್ಳಿ ಅಣ್ಣಾ" ಎಂದಳು.

ಮಾಲೀಕರು ಬೀದಿಯ ಆ ಬದಿಗೆ ಸರಿದು ನಿಂತರು. "ಆ ಗೋಡೆ ನೆಚ್ಕಂಡು ಎಂಗವ್ವ ಬರ್ಲಿ? ಒಸಿ ತಡೀರಿ. ಇನ್ನೊಂದ್ ದಪ ಅಲ್ಲಾಡುದ್ರೆ ಬಾಗ್ಲು ತಾನೇ ಸಡ್ಲಾಯ್ತದೆ."